ಕೆನ್ಯಾದಲ್ಲಿ ಉಗುಳಿದ ಕವಳ

ಎಕ್ಕಂಬಿ

ಕೆನ್ಯಾ ದೇಶಕ್ಕೆ ಹೋಗಿಬರುವ ಅವಕಾಶ ಬಂದಿದೆ ಎಂದಾಗ ನಮ್ಮನೆಯವರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಕವಳ ಸಿಕ್ತದಾ?" ಎಂಬುದು. ಹೆಂಡತಿ ಮೊದಲ ಸಲ ವಿಮಾನ ಹತ್ತುತ್ತಾಳೆ, ಸಮುದ್ರ ದಾಟುತ್ತಾಳೆ, ಅದೆಲ್ಲ ಅವರಿಗೆ ದೊಡ್ಡ ಸಂಗತಿಯಲ್ಲ. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ನನ್ನ ಚಟ ಗೊತ್ತು. ಒಪ್ಪತ್ತು ಊಟ ಬಿಟ್ಟೇನು, ಎಲೆ ಅಡಿಕೆ ಸುಣ್ಣ ಸಿಗದಿದ್ದರೆ ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡುವುದಿಲ್ಲ. ಮೊದಲೇ ಸಿಡುಕಿ ಎಂದು ಊರಲ್ಲಿ ಹೆಸರು ಮಾಡಿದವಳು ನಾನು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ದೇವಕಿ. ಹುಟ್ಟಿದ್ದು ಸಿದ್ದಾಪುರದ ಕಡೆ, ಮದುವೆ ಮಾಡಿ ಕೊಟ್ಟಿದ್ದು ಶಿರಸಿ ತಾಲೂಕಿನ ಎಕ್ಕಂಬಿಗೆ. ಬ್ಯಾಂಕಿನ ಪರವಾಗಿ ಹಳ್ಳಿ ಹಳ್ಳಿಗೆ ಹೋಗಿ ದುಡ್ಡು ಕೊಟ್ಟು ಬರುವುದು ನನ್ನ ಕೆಲಸ. ಮನೆಯ ಯಜಮಾನಿಗೆಂದು ಸರ್ಕಾರ ಖಾತೆಗೆ ಹಾಕುವ ಹಣ, ವಿಧವಾ ವೇತನ, ಮುದುಕರ ಪಿಂಚಣಿ ಎಲ್ಲವೂ ಬ್ಯಾಂಕಿಗೆ ಬಂದು ಕೂತಿರುತ್ತದೆ. ಬ್ಯಾಂಕು ಶಿರಸಿಯಲ್ಲಿ, ಹೆಂಗಸರು ಹಳ್ಳಿಯಲ್ಲಿ. ನಾನು ಸ್ಕೂಟರಿನಲ್ಲಿ ಯಂತ್ರ ಇಟ್ಟುಕೊಂಡು ಹೋಗಿ, ಅವರ ಹೆಬ್ಬೆಟ್ಟು ಒತ್ತಿಸಿಕೊಂಡು, ಹಣ ಕೈಗೆ ಕೊಡುತ್ತೇನೆ. ಅಡಿಕೆ ಸುಲಿದು, ಬೂದಿಯಲ್ಲಿ ಪಾತ್ರೆ ತಿಕ್ಕಿ ಸವೆದ ಬೆರಳನ್ನು ಆ ಯಂತ್ರ ಸುಲಭಕ್ಕೆ ಗುರುತು ಹಿಡಿಯುವುದಿಲ್ಲ. ಎಣ್ಣೆ ಹಚ್ಚಿಸಿ, ಸೆರಗಿನಲ್ಲಿ ಒರೆಸಿ, ಯಂತ್ರಕ್ಕೂ ಬೆರಳಿಗೂ ಸೇರಿಸಿ ಬೈದು ಮತ್ತೆ ಒತ್ತಿಸಬೇಕು. "ಆ ಮಷಿನ್ನಿಗೆ ನನ್ನ ಗುರ್ತ ಸಿಗೂದಿಲ್ಲ ಅಂದ್ರ ಬಿಡ್ರಿ, ನಿಮಗ ಸಿಗ್ತೈತಲ್ರಿ ಅಕ್ಕಾರ, ಕೊಟ್ಟುಬಿಡ್ರಿ" ಎಂದು ಮುಂಡಗೋಡದ ದಿಕ್ಕಿನ ಹೆಂಗಸರು ನಗುತ್ತಾರೆ.

ಕೆನ್ಯಾದಲ್ಲಿ ಒಂದು ಸಂಸ್ಥೆಯವರು ಹಳ್ಳಿಯ ಬಡ ಕುಟುಂಬಗಳಿಗೆ ನೇರವಾಗಿ ಫೋನಿಗೇ ದುಡ್ಡು ಹಾಕುತ್ತಾರಂತೆ. ಇಂಥದ್ದಕ್ಕೇ ಖರ್ಚು ಮಾಡು ಎನ್ನುವುದಿಲ್ಲ, ವಾಪಸು ಕೇಳುವುದಿಲ್ಲ. ನಮ್ಮ ಮಹಿಳಾ ಒಕ್ಕೂಟಕ್ಕೂ ಅವರಿಗೂ ಹೇಗೋ ಪರಿಚಯವಾಗಿ, ನಿಮ್ಮಲ್ಲಿ ಮನೆ ಬಾಗಿಲಿಗೆ ದುಡ್ಡು ಮುಟ್ಟಿಸುವ ಇಬ್ಬರು ಹೆಂಗಸರು ಬಂದು ನಮ್ಮ ಹಳ್ಳಿಯ ಹೆಂಗಸರ ಜೊತೆ ನಾಲ್ಕು ಮಾತಾಡಲಿ ಎಂದು ಕರೆ ಬಂತು. ಒಬ್ಬಳು ನಾನು. ಇನ್ನೊಬ್ಬಳು ನನ್ನದೇ ಕೆಲಸ ಮಾಡುವ ಯಲ್ಲಾಪುರದ ಗಿರಿಜಾ. ಯಾವ ಕಾಲದಲ್ಲೋ ಆಫ್ರಿಕಾದಿಂದ ಬಂದು ನಮ್ಮ ಕಾಡಿನಲ್ಲಿ ನೆಲೆಸಿದ ಸಿದ್ದಿ ಸಮುದಾಯದ ಹುಡುಗಿ, ಬಿ.ಎ. ಓದಿದವಳು, ಇಂಗ್ಲಿಷ್ ಬರುತ್ತದೆ. ನನಗೆ ಬರುವುದಿಲ್ಲ. ಆದರೆ ಸುಮ್ಮನಿರುವುದೂ ಬರುವುದಿಲ್ಲ.

ಇಸಳೂರು

ಹೊರಡುವ ಹಿಂದಿನ ಸಂಜೆ ಇಸಳೂರಿನಲ್ಲಿ ನಮ್ಮನೆಯವರ ಚಿಕ್ಕಪ್ಪನ ಮಗನ ಹೊಸ ಮನೆಯಲ್ಲಿ ಉಳಿದೆ. ಟೈಲ್ಸ್ ಹಾಕಿದ ಮನೆ, ಜಾರಿ ಬೀಳದ ಹಾಗೆ ನಡೆಯುವುದೇ ಒಂದು ಕೆಲಸ. ಊಟಕ್ಕೆ ಕುಳಿತಾಗ ಆ ಭಾವ ಶುರು ಮಾಡಿದರು.

"ಅಲ್ವೇ ದೇವಕಿ, ಪುಕ್ಕಟೆ ದುಡ್ಡು ಹಂಚಿ ಹಂಚಿ ನಮ್ಮೂರ ಹೆಂಗಸ್ರನ್ನ ಸೋಮಾರಿ ಮಾಡಿದ್ರಿ. ಈಗ ಆಫ್ರಿಕಾದವ್ರನ್ನೂ ಹಾಳು ಮಾಡೂಕೆ ಹೊಂಟ್ಯಾ?"

ಬಾಯಲ್ಲಿ ತುತ್ತಿತ್ತು, ಇಲ್ಲದಿದ್ದರೆ ಆಗಲೇ ಕೊಡುತ್ತಿದ್ದೆ. ನುಂಗಿಕೊಂಡು, "ಭಾವ, ನಮ್ಮೂರ ಹೆಂಗಸ್ರು ಸೋಮಾರಿ ಆಗಿದ್ದು ನೀವು ಎಲ್ಲಿ ಕಂಡ್ರಿ ಹೇಳಿ, ನಾನೂ ಹೋಗಿ ಕಣ್ತುಂಬ ನೋಡ್ಕಂಡು ಬರ್ತೆ" ಎಂದೆ. ಅವರ ಹೆಂಡತಿ ಪಕ್ಕಕ್ಕೆ ತಿರುಗಿ ನಕ್ಕರು. ಆದರೂ ಆ ಮಾತು ಬೆಳಗಿನವರೆಗೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ನೈರೋಬಿ, ಕಿಸುಮು

ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ವಾನಳ್ಳಿಯ ಅಡಿಕೆ, ಸುಣ್ಣದ ಡಬ್ಬಿ, ಎಲ್ಲ ನನ್ನ ಹಳೆಯ ಕವಳದ ಸಂಚಿಯಲ್ಲಿ. ನೈರೋಬಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಎತ್ತರದ ಅಧಿಕಾರಿ ಆ ಸಂಚಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಅವನು ಎಲೆಯನ್ನು ಮೂಸಿ ನೋಡಿ, "ಪಾನ್?" ಎಂದ. "ಹೌದಪ್ಪ, ಪಾನೇ" ಎಂದೆ. ನಕ್ಕು ಕೊಟ್ಟುಬಿಟ್ಟ. ಆ ದೇಶದ ಪೇಟೆಗಳಲ್ಲಿ ಗುಜರಾತಿ ಅಂಗಡಿಯವರು ಮೊದಲಿಂದ ಇದ್ದಾರಂತೆ, ಅವರ ಪುಣ್ಯ.

ನನ್ನನ್ನು ಬಿಟ್ಟವರು ಗಿರಿಜಾಳನ್ನು ಹಿಡಿದರು. ಅವಳನ್ನು ನೋಡಿದವರೆಲ್ಲ ಅವರ ಭಾಷೆಯಲ್ಲೇ ಮಾತು ಶುರು ಮಾಡುತ್ತಿದ್ದರು. ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ಇವಳು ನಾಲ್ಕಕ್ಷರ ಕಲಿತು ಜಂಬ ಮಾಡುತ್ತಾಳೆ ಎಂಬ ಹಾಗೆ ಮುಖ ಮಾಡುತ್ತಿದ್ದರು. ಕಿಸುಮುವಿನಲ್ಲಿ ಬಾಳೆಹಣ್ಣು ಮಾರುವ ಅಜ್ಜಿಯೊಬ್ಬಳು ಅವಳ ಕೈ ಹಿಡಿದು ಏನೇನೋ ಬೈದಳು. ತಾಯಿನುಡಿ ಮರೆತಳು ಎಂದಿರಬೇಕು. ಗಿರಿಜಾಗೆ ರೇಗಿ, "ಅಜ್ಜಿ, ನಮ್ಮೂರು ಯಲ್ಲಾಪುರ, ನೀ ಬೇಕಾದ್ರೆ ಕೇಳು ಈ ಅಕ್ಕನ್ನ" ಎಂದು ಅಚ್ಚ ಕನ್ನಡದಲ್ಲಿ ಹೇಳಿದಳು. ಅಜ್ಜಿಗೆ ಏನರ್ಥವಾಯಿತೋ, ಒಂದು ಹಣ್ಣು ಹೆಚ್ಚಿಗೆ ಕೊಟ್ಟಳು.

"ಎಲ್ರೂ ಊರಿಗೆ ಬಂದ್ಯಾ ಅಂತ ಕೇಳೋರೇ" ಎಂದಳು ಗಿರಿಜಾ ಬಸ್ಸಿನಲ್ಲಿ. "ನಂಗೆ ಊರು ಅಂದ್ರೆ ಕಣ್ಣಿಗೆ ಬರೋದು ನಮ್ಮ ಸಂತೆ, ನಮ್ಮ ಬಸ್‌ಸ್ಟ್ಯಾಂಡು. ಆದ್ರೂ ಅಕ್ಕ, ಇಲ್ಲಿ ಯಾರೂ ನನ್ನ ತಿರುಗಿ ತಿರುಗಿ ನೋಡೂದಿಲ್ಲ. ಅದೊಂದು ಸುಖ." ಹಾಗೆಂದು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ನಮ್ಮ ಕಡೆ ಬಸ್ಸಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಕಾಮಿರೋ, ಮೊದಲ ದಿನ

ನಾವು ಉಳಿದ ಹಳ್ಳಿಯ ಹೆಸರು ಕಾಮಿರೋ. ಕೆಂಪು ಮಣ್ಣು, ಜೋಳದ ಹೊಲ, ಮಧ್ಯಾಹ್ನ ತಪ್ಪದೆ ಬರುವ ಮಳೆ. ಅಕಿನ್ಯಿ ಎಂಬ ಆ ಊರಿನ ಹುಡುಗಿ ನಮ್ಮ ದುಭಾಷಿ. ಅವರಲ್ಲಿ ಹುಟ್ಟಿದ ಹೊತ್ತು ನೋಡಿ ಹೆಸರಿಡುತ್ತಾರಂತೆ. ಅಕಿನ್ಯಿ ಎಂದರೆ ಬೆಳಿಗ್ಗೆ ಹುಟ್ಟಿದವಳು. ಊರವರು ತಮ್ಮ ಲುವೋ ಭಾಷೆಯಲ್ಲಿ ಹೇಳಿದ್ದನ್ನು ಅವಳು ಇಂಗ್ಲಿಷಿಗೆ ತರುತ್ತಿದ್ದಳು, ಅದನ್ನು ಗಿರಿಜಾ ಕನ್ನಡಕ್ಕೆ ತರುತ್ತಿದ್ದಳು. ಹಾಗಾಗಿ ಕಾಮಿರೋದ ಹೆಂಗಸರೆಲ್ಲ ನನ್ನ ಕಿವಿಗೆ ಯಲ್ಲಾಪುರದ ಕನ್ನಡದಲ್ಲೇ ಮಾತಾಡಿದ್ದಾರೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ದುಡ್ಡು ಮೊದಲೇ ಸಿಕ್ಕ ಮನೆಗಳನ್ನು ಅಕಿನ್ಯಿ ತೋರಿಸಿದಳು. ಒಬ್ಬಳು ಕೆರೆಯ ಸಣ್ಣ ಮೀನು ಒಣಗಿಸಿ, ಕರಿದು ಮಾರುವವಳು. ಕೆರೆ ಎಂದರೆ ನಮ್ಮ ಕೆರೆಯಲ್ಲ, ಆಚೆ ದಡ ಕಾಣದ ಸರೋವರ. ಮೊದಲು ಯಾರದೋ ಬಾಣಲೆ, ಯಾರದೋ ಎಣ್ಣೆ, ಲಾಭವೂ ಯಾರದೋ. ಈಗ ಅವಳದೇ ಬಾಣಲೆ. ಅದರ ತಳವನ್ನು ತಿರುಗಿಸಿ ತೋರಿಸಿದಳು. ಬಾಣಲೆಯ ತಳವನ್ನು ಯಾರಾದರೂ ತೋರಿಸುತ್ತಾರೆಯೇ? ನನಗೆ ತಟ್ಟನೆ ನಮ್ಮ ವಾನಳ್ಳಿಯ ಸಾವಿತ್ರಕ್ಕ ನೆನಪಾದರು. ಗಂಡ ತೀರಿಹೋದ ಮೇಲೆ ಬೇರೆಯವರ ಮನೆ ಕಾರ್ಯದ ಅಡುಗೆಗೆ ಹೋಗಿ ಬದುಕಿದವರು. ಸರ್ಕಾರ ಹಾಕುವ ಯಜಮಾನಿಯ ದುಡ್ಡನ್ನು ಕೂಡಿಟ್ಟು ಹಪ್ಪಳದ ಹಿಟ್ಟಿಗೆ ದೊಡ್ಡ ಗ್ರೈಂಡರ್ ತಂದರು. "ಆನು ಯಾರ ಹತ್ರಾನೂ ಕೇಳಿದ್ನಿಲ್ಲೆ ದೇವಕಿ, ಸೀದಾ ಅಂಗಡಿಗೆ ಹೋದಿ, ತಗಂಡಿ" ಎಂದು ಆ ಯಂತ್ರದ ಬೆನ್ನು ಸವರಿದ್ದರು. ಕರು ಹಾಕಿದ ಆಕಳನ್ನು ಸವರುವ ಹಾಗೆ.

ಕೊನೆಗೆ ಹೋದದ್ದು ಅಧಿಯಾಂಬೊಳ ಮನೆಗೆ. ಅಧಿಯಾಂಬೊ ಎಂದರೆ ಸಂಜೆ ಹುಟ್ಟಿದವಳು. ವಿಧವೆ, ಗಿರಿಜಾಳಿಗಿಂತ ಸ್ವಲ್ಪ ದೊಡ್ಡವಳು. ಇಬ್ಬರು ಹೆಣ್ಣು ಮಕ್ಕಳು, ಸೊಂಟದ ಮೇಲೆ ಒಬ್ಬ ಪುಟ್ಟ ಮಗ, ಜೊತೆಗೆ ಹಲ್ಲಿಲ್ಲದ ಅತ್ತೆ. ಹುಲ್ಲಿನ ಮಾಡು ಎಷ್ಟು ಹಳೆಯದೆಂದರೆ ಒಳಗೆ ಕೂತು ಆಕಾಶ ನೋಡಬಹುದು. ಮಳೆ ಬಂದರೆ ಚಾಪೆಯನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತಾಳೆ. ಮನೆಯ ಹಿಂದೆ ನಾಲ್ಕು ಕೋಲಿಗೆ ಹರಕು ಗೋಣಿ ಕಟ್ಟಿದ ಸ್ನಾನದ ಜಾಗ. ಊರಲ್ಲಿ ಎಲ್ಲರಿಗಿಂತ ದುಡ್ಡು ಬೇಕಾದದ್ದು ಅವಳಿಗೆ. ಬೇಡ ಎಂದವಳೂ ಅವಳೇ.

ಕಾರಣ ಕೇಳಿದೆ. ಅವಳು ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ತಗ್ಗಿದ ದನಿಯಲ್ಲಿ ಹೇಳಿದಳು. "ಪುಕ್ಕಟೆ ಯಾರು ಕೊಡ್ತಾರೆ ಹೇಳು. ಇದು ಸೈತಾನನ ದುಡ್ಡು ಅಂತಾರೆ. ಇವತ್ತು ಏನೂ ಕೇಳೂದಿಲ್ಲ. ಒಂದಿನ ರಾತ್ರಿ ಬಂದು ಮಗು ಕೇಳ್ತಾನಂತೆ. ಇವ್ನಿಗೆ ಆಗ್ಲೇ ತಿಂಗಳಿಗೊಂದ್ಸಲ ಜ್ವರ. ನಾ ದುಡ್ಡು ತಗೊಂಡು, ಇವ್ನಿಗೆ ಏನಾದ್ರೂ ಆದ್ರೆ?"

ಸಂಸ್ಥೆಯವರು ನಾಡಿದ್ದು ಕೊನೆಯ ಸಲ ಬಂದು ಕೇಳುತ್ತಾರೆ, ಆಮೇಲೆ ಬೇರೆ ಊರಿಗೆ ಹೋಗುತ್ತಾರೆ ಎಂದು ಅಕಿನ್ಯಿ ಹೇಳಿದಳು. ಅವಳಿಗೂ ಒಳಗೊಳಗೇ ಸಂಕಟ. ನೀವು ಹೆಂಗಸರು, ನೀವು ಹೇಳಿದರೆ ಕೇಳಿಯಾಳು ಎಂದು ನಮ್ಮನ್ನು ಅಲ್ಲಿಗೆ ಕರೆತಂದವಳೇ ಅವಳು.

ಅದೇ ಸಂಜೆ

ಅಧಿಯಾಂಬೊ ನಮಗೆ ಊಟ ಹಾಕಿದಳು. ಜೋಳದ ಹಿಟ್ಟಿನ ಬಿಳಿ ಮುದ್ದೆ, ಸೊಪ್ಪು, ಸಣ್ಣ ಒಣಮೀನು. ಕುಮಟೆಯ ಒಣಮೀನಿನ ವಾಸನೆಯೇ, ಖಾರ ಮಾತ್ರ ಇಲ್ಲ. ಮಾಡಿಗೆ ಹುಲ್ಲಿಲ್ಲದ ಮನೆಯಲ್ಲಿ ನಮಗೆಂದು ಎರಡನೇ ಸಲ ಬಡಿಸಿದಳು.

ಊಟವಾದ ಮೇಲೆ ಅಭ್ಯಾಸದಂತೆ ಸಂಚಿ ಬಿಚ್ಚಿದೆ. ಮನಸ್ಸು ಅವಳ ಮಾತಿನಲ್ಲೇ ಇತ್ತು. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ದವಡೆಗೆ ತಳ್ಳಿದೆ. ಹತ್ತು ಹೊಡೆತ ಅಗಿದು, ಎದ್ದು ಅಂಗಳದ ಅಂಚಿಗೆ ಹೋಗಿ, ನಮ್ಮೂರಲ್ಲಿ ಬೇಲಿ ಬುಡಕ್ಕೆ ಉಗುಳುವ ಹಾಗೆ ಪಿಚಕ್ ಎಂದು ಉಗುಳಿದೆ.

ಕೆಂಪಗೆ ಬಿತ್ತು. ಅಲ್ಲೇ ಆಡುತ್ತಿದ್ದ ಅವಳ ದೊಡ್ಡ ಮಗಳು ಅದನ್ನು ನೋಡಿದಳು, ನನ್ನ ಬಾಯಿ ನೋಡಿದಳು, ಚಿಟ್ಟನೆ ಚೀರಿದಳು. ಪಕ್ಕದ ಮನೆಯ ಮಕ್ಕಳು ಕಾಲಿಗೆ ಬುದ್ಧಿ ಹೇಳಿದವು. ಹೊಲದಲ್ಲಿದ್ದ ಹೆಂಗಸರು ಗುದ್ದಲಿ ಬಿಟ್ಟು ನೆಟ್ಟಗೆ ನಿಂತರು. ಅಧಿಯಾಂಬೊ ಮಗನನ್ನು ಎದೆಗವಚಿಕೊಂಡು ಒಳಗೆ ಓಡಿ ಬಾಗಿಲೆಳೆದುಕೊಂಡಳು.

"ಎಂತ ಆತೇ?" ಎಂದೆ ಗಿರಿಜಾಗೆ.

"ಅಕ್ಕ, ನಿನ್ ಬಾಯಿ!" ಅವಳು ತಲೆ ಮೇಲೆ ಕೈ ಹೊತ್ತುಕೊಂಡಿದ್ದಳು. "ದುಡ್ಡು ಕೊಡೋರು ರಕ್ತ ಕುಡಿತಾರೆ ಅಂತ ಇಲ್ಲಿ ಸುದ್ದಿಯಂತೆ. ಅಕಿನ್ಯಿ ಈಗ ಹೇಳಿದ್ಲು."

ಅಯ್ಯೋ ಶಿವನೇ! ದುಡ್ಡು ಹಂಚುವ ಹೆಂಗಸು ಎಂದೇ ನನ್ನನ್ನು ಊರಿಗೆಲ್ಲ ಪರಿಚಯಿಸಿದ್ದರು. ಆ ಹೆಂಗಸು ಬಂದು, ಉಂಡು, ಅಂಗಳದಲ್ಲಿ ನಿಂತು ರಕ್ತ ಉಗುಳಿದ್ದಾಳೆ! ಹೆದರಿಕೊಂಡಿದ್ದ ಆ ಬಡಪಾಯಿಗೆ ಇನ್ನು ಯಾವ ಸಾಕ್ಷಿ ಬೇಕು? ಬಾಗಿಲಿನ ಹೊರಗೆ ನಿಂತು ಅಕಿನ್ಯಿ ಎಷ್ಟು ಕರೆದರೂ ಒಳಗಿಂದ ಒಂದೇ ಮಾತು ಬಂತು. "ಹೋಗಿ ಅಂತ ಹೇಳು. ನಂಗೇನೂ ಬೇಡ."

ದಾರಿಯಲ್ಲಿ ನಾನು ಅತ್ತುಬಿಟ್ಟೆ. ಗಿರಿಜಾ ಸಮಾಧಾನ ಮಾಡುವ ಬದಲು ನನ್ನ ಬಾಯಿ ಒರೆಸಿದಳು. "ಮೊದ್ಲು ಇದನ್ನ ಒರ್ಸ್ಕೊ ಮಾರಾಯ್ತಿ, ಆಮೇಲೆ ಅಳು."

ಕಾಮಿರೋ, ಎರಡನೆಯ ದಿನ

ಬೆಳಿಗ್ಗೆ ಅಧಿಯಾಂಬೊಳ ಮನೆಯೆದುರಿನ ಮಾವಿನ ಮರದಡಿ ಚಾಪೆ ಹಾಸಿ, ಸಂಚಿಯಲ್ಲಿದ್ದದ್ದನ್ನೆಲ್ಲ ಸುರುವಿದೆ. ಎಲೆ, ಅಡಿಕೆ, ಸುಣ್ಣ, ಅಡಕತ್ತರಿ. ಅಕಿನ್ಯಿ ಊರವರನ್ನು ಕೂಗಿ ಕರೆದಳು. ಬಂದರು, ಆದರೆ ದೂರ ನಿಂತರು. ಅಧಿಯಾಂಬೊ ಬಾಗಿಲಲ್ಲೇ ನಿಂತಳು, ಮಗನ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡು.

ಗಿರಿಜಾ ಎಲ್ಲರಿಗೂ ಬಾಯಿ ತೆರೆದು ತೋರಿಸಿದಳು, ಬಿಳಿ ಹಲ್ಲು. ಎಲೆ ತೋರಿಸಿದಳು, ಹಸಿರು. ಸುಣ್ಣ ತೋರಿಸಿದಳು, ಬಿಳಿ. ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿ ಅಗಿದಳು. ಮತ್ತೆ ಬಾಯಿ ತೆರೆದಾಗ ಗುಂಪಿನಲ್ಲಿ "ಆ!" ಎಂಬ ಸದ್ದೆದ್ದಿತು. ಅವರ ಹಾಗೇ ಕಾಣುವ ಹುಡುಗಿ, ಅವರ ಕಣ್ಣೆದುರೇ ಬಾಯಿ ಕೆಂಪು ಮಾಡಿಕೊಂಡಿದ್ದಳು. ಒಬ್ಬಳು ನಕ್ಕಳು. ಇನ್ನೊಬ್ಬಳು ಅಡಿಕೆಯನ್ನು ಕಾಲಿನಿಂದ ಮುಟ್ಟಿ ನೋಡಿದಳು.

ಅಷ್ಟರಲ್ಲಿ ಅಧಿಯಾಂಬೊಳ ಅತ್ತೆ ಕೋಲೂರಿಕೊಂಡು ಮುಂದೆ ಬಂದಳು. "ಕೊಡಿಲ್ಲಿ. ಸೈತಾನ ಬಂದ್ರೂ ನನ್ನಿಂದ ಏನು ಒಯ್ತಾನೆ? ಹಲ್ಲೂ ಇಲ್ಲ" ಎಂದಳು. ಸೊಸೆ ಕೂಗಿದಳು, ಅತ್ತೆ ಕೇಳಲಿಲ್ಲ. ನಾನು ಖುಷಿಯಲ್ಲಿ ಅಡಿಕೆಯನ್ನು ಸಣ್ಣಗೆ ಕತ್ತರಿಸಿ, ಜಜ್ಜಿ, ಧಾರಾಳವಾಗಿಯೇ ಇಟ್ಟು ಕವಳ ಮಾಡಿ ಕೊಟ್ಟೆ. ನನ್ನ ತಪ್ಪು ಅಲ್ಲೇ ಆದದ್ದು. ಅಭ್ಯಾಸವಿಲ್ಲದವರಿಗೆ ಅಡಿಕೆ ಸೊಕ್ಕುತ್ತದೆ, ತಲೆ ತಿರುಗಿಸುತ್ತದೆ ಎಂದು ನಮ್ಮೂರಿನ ಕೂಸಿಗೂ ಗೊತ್ತು. ನನಗೆ ಆ ಗಳಿಗೆ ಮರೆತುಹೋಯಿತು.

ಅಜ್ಜಿ ಅಗಿದಳು, ತಲೆದೂಗಿದಳು, ಕೆಂಪು ಬಾಯಿ ತೆರೆದು ಮಕ್ಕಳನ್ನು ಹೆದರಿಸಿ ನಗಿಸಿದಳು. ಆಮೇಲೆ ಹಣೆಯಲ್ಲಿ ಬೆವರು ಬಂತು. ಕಣ್ಣು ತೇಲಿತು. ಕೋಲು ಕೈಜಾರಿತು. ಚಾಪೆಯ ಮೇಲೆ ಮೆಲ್ಲಗೆ ಒರಗಿಬಿಟ್ಟಳು.

ನಗು ನಿಂತುಹೋಯಿತು. ಅಧಿಯಾಂಬೊ ಓಡಿ ಬಂದು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು. ಆ ನೋಟಕ್ಕೆ ಭಾಷಾಂತರ ಬೇಕಿರಲಿಲ್ಲ.

"ಮಜ್ಜಿಗೆ!" ಎಂದು ಕಿರುಚಿದೆ. "ಗಿರಿಜಾ, ಮಜ್ಜಿಗೆ ಇದ್ಯನ ಕೇಳೇ! ಉಪ್ಪು ಹಾಕಿ!" ಗಿರಿಜಾಗೆ ಮಜ್ಜಿಗೆಯ ಇಂಗ್ಲಿಷ್ ಹೊಳೆಯಲಿಲ್ಲ, ಹುಳಿ ಹಾಲು ಹುಳಿ ಹಾಲು ಎಂದು ಬಡಬಡಿಸಿದಳು. ಪುಣ್ಯಕ್ಕೆ ಅವರಲ್ಲೂ ಹಾಲನ್ನು ಸೋರೆಬುರುಡೆಯಲ್ಲಿ ಹುಳಿಬರಿಸಿ ಇಡುತ್ತಾರೆ. ತಂದರು. ಉಪ್ಪು ಹಾಕಿ ಕುಡಿಸಿದೆ, ತಣ್ಣೀರು ತಟ್ಟಿದೆ, ಸೆರಗಿನಿಂದ ಗಾಳಿ ಹಾಕಿದೆ. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಇದು ಸೊಕ್ಕು, ಇಳಿಯುತ್ತದೆ, ನಮ್ಮೂರಲ್ಲಿ ಎಷ್ಟೋ ಜನರಿಗೆ ಆಗುತ್ತದೆ ಎಂದು ಮೂರು ಭಾಷೆಯಲ್ಲಿ ಹೇಳಿಸಿದೆ. ಯಾರೂ ನಂಬಿದಂತೆ ಕಾಣಲಿಲ್ಲ. ಊರಿಗೆ ಊರೇ ಸುತ್ತ ನಿಂತು ಮುದುಕಿಯ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿತ್ತು.

ಕೊನೆಗೆ ಅಜ್ಜಿ ಕಣ್ಣು ಬಿಟ್ಟಳು. ಸುತ್ತ ನಿಂತವರನ್ನೆಲ್ಲ ಒಂದು ಸಲ ನೋಡಿದಳು. "ನನ್ನ ಹೂಳೂಕೆ ಬಂದ್ರಾ? ಹೋಗಿ, ಕೆಲಸ ನೋಡಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದಳು. "ಇನ್ನೊಂದು ಕೊಡು. ಈ ಸಲ ಚಿಕ್ಕದು."

ಜನ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಆ ಅಜ್ಜಿಯ ಪಾದ ಹಿಡಿದು ಕೂತುಬಿಟ್ಟೆ.

ಜನ ಕರಗಿದ ಮೇಲೆ ಅಧಿಯಾಂಬೊ ಬಂದು ಚಾಪೆಯ ಅಂಚಿನಲ್ಲಿ ಕೂತಳು. ಒಂದು ಎಲೆ ಎತ್ತಿ ತಿರುಗಿಸಿ ನೋಡಿದಳು.

"ನಿಂಗೂ ನಿನ್ನ ಸರ್ಕಾರ ಇದೇ ಥರ ದುಡ್ಡು ಕೊಡ್ತದಂತಲ್ಲ. ತಿರುಗಿ ಏನು ಕೇಳಿದ್ರು?"

"ಏನೂ ಕೇಳ್ಲಿಲ್ಲ."

"ಹೆದರಿಕೆ ಆಗ್ಲಿಲ್ವಾ?"

ಉಪದೇಶದ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ನಿಜ ಹೇಳಿದೆ. ಮಂದಿಗೆಲ್ಲ ಧೈರ್ಯ ಹೇಳಿ ಹೆಬ್ಬೆಟ್ಟು ಒತ್ತಿಸಿದವಳು ನಾನು, ನನ್ನ ಖಾತೆಗೆ ಬಂದದ್ದನ್ನು ಬಹಳ ಕಾಲ ಮುಟ್ಟಲೇ ಇಲ್ಲ. ಯಾವತ್ತೋ ಬಂದು ಬಡ್ಡಿ ಸಮೇತ ಕೇಳಿದರೆ ಎಲ್ಲಿಂದ ತರುವುದು ಎಂದು ಪುಕುಪುಕು. ನನ್ನ ದುಡಿಮೆಯ ಕಮಿಷನ್ನಿಗೆ ಮನೆಯಲ್ಲಿ ಮೊದಲೇ ಬಾಯಿಗಳಿದ್ದವು. ಗೊಬ್ಬರ, ಮಾವನ ಔಷಧಿ, ನಮ್ಮನೆಯವರ ಬೈಕು. ಈ ದುಡ್ಡು ಮಾತ್ರ ಹೆದರಿಕೆಯಲ್ಲಿ ಹಾಗೇ ಉಳಿಯಿತು.

"ಕೊನೆಗೆ ಮುಟ್ಟಿದಿ ಅಲ್ವಾ. ಮೊದ್ಲು ಏನು ತಗೊಂಡಿ?" ಎಂದಳು ಅಧಿಯಾಂಬೊ.

"ಬಾಗಿಲು."

"ಮನೆಗಾ?"

"ಅಲ್ಲ. ಬಚ್ಚಲಿಗೆ."

ಗಿರಿಜಾ ಅದನ್ನು ದಾಟಿಸದೆ ನನ್ನ ಮುಖ ನೋಡಿದಳು. ಅವಳಿಗೂ ಹೇಳಿರಲಿಲ್ಲ ನಾನು. ಮದುವೆಯಾಗಿ ಬಂದಂದಿನಿಂದ ನಮ್ಮ ಬಚ್ಚಲಿಗೆ ಒಂದು ಗೋಣಿ ತಟ್ಟೇ ಬಾಗಿಲು. ಗಂಡಸರು ಏಳುವ ಮೊದಲು ಕತ್ತಲಲ್ಲಿ ಮೀಯಬೇಕು. ಒಂದು ಕೈಯಲ್ಲಿ ಚೊಂಬು, ಒಂದು ಕೈಯಲ್ಲಿ ಗೋಣಿ, ಕಿವಿ ಅಂಗಳದಲ್ಲಿ. ಯಾರಾದರೂ ಕೆಮ್ಮಿದರೆ ಸೋಪಿನ ನೊರೆಯ ಮೇಲೇ ಸೀರೆ. ನೀರು ಮೈಗೆ ಬಿದ್ದದ್ದಷ್ಟೇ ಸ್ನಾನ. ಬಾಗಿಲು ಮಾಡಿಸೋಣ ಎಂದು ಎಷ್ಟು ಸಲ ಅಂದಿದ್ದೆನೋ, ಪ್ರತಿ ಸಲವೂ ಅದಕ್ಕಿಂತ ಅವಸರದ್ದು ಒಂದಿರುತ್ತಿತ್ತು. ಬಡಗಿ ಬಂದು ಬಾಗಿಲು ಕೂರಿಸಿ ಹೋದ ದಿನ ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡು, ಬಿಸಿನೀರಿನ ಹಂಡೆಯ ಪಕ್ಕ ಸುಮ್ಮನೆ ಕೂತೆ. ಅತ್ತೆ ಬಂದು ಬಡಿದು "ಸತ್ತೋದ್ಯನೇ, ಬದುಕಿದ್ಯನೇ?" ಎನ್ನುವವರೆಗೆ ಕೂತೆ.

ಗಿರಿಜಾ ಅಕಿನ್ಯಿಗೆ, ಅಕಿನ್ಯಿ ಅಧಿಯಾಂಬೊಗೆ ಹೇಳಿ ಮುಗಿಸಲು ಹೊತ್ತು ಹಿಡಿಯಿತು. ಅಧಿಯಾಂಬೊ ತಿರುಗಿ ಮನೆಯ ಹಿಂದಿನ ಗೋಣಿಗಳನ್ನು ನೋಡಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಚಿಲಕ ಯಾವ ಕಡೆ ಇಡ್ಸಿದಿ?"

"ಒಳಗಡೆ ಮಾರಾಯ್ತಿ, ಇನ್ನೆಲ್ಲಿ!"

ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಕಾಮಿರೋ, ಹೊರಟ ದಿನ

ಸಂಸ್ಥೆಯ ಇಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ನಾವು ದೂರ ನಿಂತೆವು, ಅದು ಅವಳ ಮಾತು, ನಾವು ಬಾಯಿ ಹಾಕಬಾರದು ಎಂದು ಗಿರಿಜಾ ನನ್ನ ಮೊಣಕೈ ಹಿಡಿದಿದ್ದಳು. ಅಧಿಯಾಂಬೊ ಮಗನನ್ನು ಎತ್ತಿಕೊಂಡೇ ಬಂದಳು. ಇವನನ್ನು ಯಾರಾದರೂ ಯಾವತ್ತಾದರೂ ಕೇಳುತ್ತೀರಾ ಎಂದು ಅವರನ್ನು ನೇರವಾಗಿ ಕೇಳಿದಳು. ಇಲ್ಲ ಎಂದರು. ಇನ್ನೊಮ್ಮೆ ಕೇಳಿದಳು. ಇಲ್ಲ ಎಂದರು. ಅವಳು ಅತ್ತೆಯ ಕಡೆ ನೋಡಿದಳು. ಅಜ್ಜಿ ಮರದ ಬುಡದಲ್ಲಿ ಕೂತು ಕವಳ ಅಗಿಯುತ್ತಿದ್ದಳು.

"ಅದನ್ನ ತಿಂದು ಆ ಮುದುಕೀನೇ ಎದ್ದು ಕೂತ್ಲು" ಎಂದಳು ಅಧಿಯಾಂಬೊ. "ನನ್ನ ಹೆಸರು ಬರ್ಕೊಳ್ಳಿ."

ನಾನು ಗಿರಿಜಾಳ ಕೈಯನ್ನು ಎಷ್ಟು ಜೋರಾಗಿ ಹಿಸುಕಿದೆನೆಂದರೆ ಅವಳು "ಅಯ್ಯಮ್ಮಾ!" ಎಂದಳು.

ಹೊರಡುವಾಗ ಉಳಿದ ಎಲೆ ಅಡಿಕೆಯನ್ನೆಲ್ಲ ಅಜ್ಜಿಗೆ ಕೊಟ್ಟೆ. ನಮ್ಮೂರ ಡಾಕ್ಟರು ನನಗೆ ಬೈಯುವ ಬೈಗುಳವನ್ನೂ ಜೊತೆಗೆ ಹೇಳಿದೆ, ದಿನಾ ತಿನ್ನಬೇಡ ಎಂದು. ಅಜ್ಜಿ ಕೇಳಿಸದವಳ ಹಾಗೆ ಮಾಡಿದಳು. ಅಧಿಯಾಂಬೊ ನನ್ನ ಖಾಲಿ ಸಂಚಿಯನ್ನು ಕಸಿದುಕೊಂಡು ಒಳಗೆ ಹೋಗಿ, ತುಂಬ ಶೇಂಗಾ ತುಂಬಿ ತಂದಳು. ಬಂದವರ ಚೀಲವನ್ನು ಬರಿದಾಗಿ ಕಳಿಸಬಾರದಂತೆ. ನಮ್ಮಲ್ಲೂ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸು ಮಾಡುವುದಿಲ್ಲ, ಬೆಲ್ಲದ ಚೂರನ್ನಾದರೂ ಹಾಕುತ್ತೇವೆ. ಬೇಡ ಎನ್ನದೆ ತೆಗೆದುಕೊಂಡೆ.

ಯಲ್ಲಾಪುರ

ಬಂದ ಮೇಲೆ ಇಸಳೂರಿನ ಭಾವ ಸಿಕ್ಕಾಗಲೆಲ್ಲ, "ಏನಂತಾರೆ ನಿನ್ನ ಆಫ್ರಿಕಾದ ಸೋಮಾರಿಗಳು?" ಎಂದು ಕಿಚಾಯಿಸುವುದು ಬಿಡಲಿಲ್ಲ. ಎಷ್ಟೋ ತಿಂಗಳು ನನ್ನ ಹತ್ತಿರ ಹೇಳಲು ಸುದ್ದಿಯೇ ಇರಲಿಲ್ಲ. ದುಡ್ಡು ಬಂತೋ, ಮಗುವಿಗೆ ಜ್ವರ ಬಂತೋ, ಏನಾದರೂ ಆಗಿ ನನ್ನನ್ನು ಶಪಿಸುತ್ತಿದ್ದಾಳೋ ಎಂದು ಸ್ಕೂಟರ್ ಓಡಿಸುವಾಗಲೂ ಯೋಚನೆ. ಹೆಂಗಸರ ಕೈಗೆ ದುಡ್ಡು ಕೊಡುವಾಗ ಅವಳ ಮುಂದೆ ಕೂತ ಹಾಗೇ ಆಗುತ್ತಿತ್ತು.

ಮೊನ್ನೆ ಒಕ್ಕೂಟದ ಸಭೆಗೆಂದು ಯಲ್ಲಾಪುರಕ್ಕೆ ಹೋಗಿದ್ದೆ. ಬಸ್ ಇಳಿಯುವಷ್ಟರಲ್ಲಿ ಗಿರಿಜಾ ಓಡಿ ಬಂದು ಫೋನನ್ನು ನನ್ನ ಮೂಗಿಗೇ ಹಿಡಿದಳು. ಅಕಿನ್ಯಿ ಫೋಟೋ ಕಳಿಸಿದ್ದಳು. ಅಧಿಯಾಂಬೊಳ ಮನೆಯ ಮೇಲೆ ಹೊಸ ತಗಡಿನ ಮಾಡು, ಬಿಸಿಲಿಗೆ ಫಳಫಳ. ಎದುರಿಗೆ ಕುರ್ಚಿಯಲ್ಲಿ ಅಜ್ಜಿ, ಬಾಯಲ್ಲಿ ಕವಳದ ಕೆಂಪಿಲ್ಲ. ಹೆಣ್ಣು ಮಕ್ಕಳಿಬ್ಬರು, ಅವರ ನಡುವೆ ನಿಂತ ಮಗ. ಕೆನ್ನೆ ತುಂಬಿಕೊಂಡಿದ್ದಾನೆ, ಕಳ್ಳ! ಅವನನ್ನು ನೋಡಿ ನನ್ನ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ನಾಲ್ಕು ಜನವೂ ಏನಕ್ಕೋ ಕಾದು ನಿಂತವರ ಹಾಗಿದ್ದರು.

"ಅವಳೇ ಇಲ್ವಲ್ಲೇ. ಅಧಿಯಾಂಬೊ ಎಲ್ಲಿ?" ಎಂದೆ.

ಗಿರಿಜಾ ಬೆರಳಿನಿಂದ ಫೋಟೋದ ಮೂಲೆಯನ್ನು ದೊಡ್ಡದು ಮಾಡಿದಳು. ಮನೆಯ ಹಿಂದೆ, ಗೋಣಿ ಇದ್ದ ಜಾಗದಲ್ಲಿ ತಗಡಿನ ನಾಲ್ಕು ಗೋಡೆ. ಅದಕ್ಕೊಂದು ಮರದ ಬಾಗಿಲು. ಬಾಗಿಲು ಮುಚ್ಚಿತ್ತು.

"ಅಕಿನ್ಯಿ ಫೋಟೋ ತೆಗಿಯೂಕೆ ಹೋದಾಗ ಅವ್ಳು ಸ್ನಾನಕ್ಕೆ ಹೋಗಿದ್ಲಂತೆ" ಎಂದಳು ಗಿರಿಜಾ, ನಗು ತಡೆದುಕೊಂಡು. "ಇವ್ಳು ಹೋಗಿ ಬಾಗಿಲು ಬಡಿದು, ಬೇಗ ಬಾ, ಎಲ್ರೂ ನಿಂಗಾಗಿ ಕಾಯ್ತಾ ಇದಾರೆ ಅಂದ್ಲಂತೆ. ಒಳಗಿಂದ ಅವ್ಳು ಏನಂದ್ಲು ಗೊತ್ತಾ ಅಕ್ಕ?"

"ಏನಂದ್ಲೇ?"

"ಕಾಯ್ಲಿ. ನಂಗೆ ಅವಸರ ಇಲ್ಲ."